ಅಸಲಿ ಗಂಧದೆಣ್ಣೆ ಯಾಕೆ ಘಮ್ ಅನ್ನಲ್ಲ?

ಪ್ರಶ್ನೆ: ನಾನು ದಾವಣಗೆರೆಯವನು. ಮದುವೆಯಾಗಿ 25 ವರ್ಷ ಆಯ್ತು ಅಂತ ನಮ್ಮ ಮನೆಯವರಿಗೆ ಶ್ರೀಗಂಧದ ಎಣ್ಣೆ ತಂದುಕೊಟ್ಟೆ, 5 ಎಂಎಲ್ ಬಾಟಲಿ, 3,200 ರೂಪಾಯಿ. ಅವಳು ಮುಚ್ಚಳ ತೆಗೆದು ಮೂಸಿ ನೋಡಿ "ಇದ್ರಲ್ಲಿ ವಾಸನೇನೇ ಇಲ್ವಲ್ರೀ, 20 ರೂಪಾಯಿ ಊದಿನಕಡ್ಡಿ ಇದಕ್ಕಿಂತ ಚೆನ್ನಾಗಿ ಘಮ ಅನ್ನತ್ತೆ, ಯಾರೋ ನಿಮಗೆ ಟೋಪಿ ಹಾಕಿದಾರೆ" ಅಂದ್ಲು. ಇದು ಅಸಲಿನಾ ನಕಲಿನಾ ಹೇಗೆ ತಿಳ್ಕೊಳ್ಳೋದು? ಅಸಲಿನೇ ಆಗಿದ್ರೆ ಜನ ಇದರಲ್ಲಿ ಅಂಥದ್ದೇನು ಕಂಡು ಇಷ್ಟು ದುಡ್ಡು ಕೊಡ್ತಾರೆ? ಹಚ್ಕೊಳ್ಳೋದಕ್ಕೆ ಕ್ರಮ ಏನಾದ್ರೂ ಇದ್ಯಾ?

ಉತ್ತರ: ಮೊದಲು ಆ ಬಾಟಲಿ ಮುಚ್ಚಳ ಭದ್ರವಾಗಿ ಹಾಕಿ ಬೀರುವಿನಲ್ಲಿಡಿ, ಯಾರಿಗೂ ಕೊಟ್ಟುಬಿಡಬೇಡಿ. ಇಲ್ಲಿ ಕೂತು ಅದು ಅಸಲಿ ಅಂತ ಬರೆದುಕೊಡೋಕೆ ನನಗಾಗಲ್ಲ, ಆದ್ರೆ ನಿಮ್ಮ ಮನೆಯವರು ಹೇಳಿದ ದೂರು ಇದ್ಯಲ್ಲ, ಅದು ಎಣ್ಣೆಯ ಪರವಾಗೇ ಇದೆ. ಮುಚ್ಚಳ ತೆಗೆದ ಕೂಡಲೇ ರೂಮೆಲ್ಲಾ ಗಂಧ ಗಂಧ ಅಂತ ತುಂಬಿಬಿಡ್ತು ಅಂತ ನೀವು ಬರೆದಿದ್ರೆ ನನಗೆ ಅನುಮಾನ ಬರ್ತಿತ್ತು. ನಾನು ಸುಗಂಧ ದ್ರವ್ಯಗಳ ಲ್ಯಾಬಿನಲ್ಲಿ 19 ವರ್ಷದಿಂದ ಮೂಸೋದೇ ಕೆಲಸ ಮಾಡ್ಕೊಂಡಿದೀನಿ, ಅಸಲಿ ಗಂಧದೆಣ್ಣೆ ಮೊದಲ ಸಲ ಕೈಗೆ ಬಂದಾಗ ಹತ್ತರಲ್ಲಿ ಏಳೆಂಟು ಜನ ಹೇಳೋದು ಇದೇ ಮಾತು, "ಇಷ್ಟೇನಾ?"

ಒಂದು ಕೆಲಸ ಮಾಡಿ. ಚರ್ಮಕ್ಕೆ ಒಗ್ಗತ್ತಾ ಅಂತ ಕೊನೆಗೆ ಹೇಳಿರೋ ಹಾಗೆ ಮೊದಲು ನೋಡ್ಕೊಂಡು, ಮಾರನೇ ರಾತ್ರಿ ಊಟ ಆದ್ಮೇಲೆ, ಕೈಗೆ ಈರುಳ್ಳಿ ಸೋಪು ಯಾವ ವಾಸನೇನೂ ಇಲ್ಲದಂಗೆ ಬರೀ ನೀರಲ್ಲಿ ತೊಳೆದು ಒರೆಸಿ, ಮಣಿಕಟ್ಟಿನ ಒಳಗಡೆ ಒಂದೇ ಒಂದು ತೊಟ್ಟು ಬಿಡಿ. ಉಜ್ಜಬೇಡಿ. ಎಣ್ಣೆ ಸ್ವಲ್ಪ ಮಂದ ಇರತ್ತೆ, ತೆಳು ಹಳದಿ, ಬೆರಳಿಗೆ ಜಿಡ್ಡಿಗಿಂತ ರೇಷ್ಮೆ ತರ ತಾಗತ್ತೆ. ಮೊದಲ ಎರಡು ಮೂರು ನಿಮಿಷ ಬರೋ ವಾಸನೆ ಬಗ್ಗೆ ತಲೆ ಕೆಡಿಸ್ಕೋಬೇಡಿ, ಆಗ ಬರೋದು ಒಣ ಮರದ ವಾಸನೆ, ಬಡಗಿ ಹತ್ರಿ ಹೊಡೆದಾಗ ಹಾರೋ ಸಿಪ್ಪೆ ತರ, ಕೆಲವು ಸಲ ಒಂಚೂರು ಒಗರು ಕೂಡ. ಕಾಲು ಗಂಟೆ ಬಿಟ್ಟು ಮತ್ತೆ ಮೂಸಿ. ಈಗ ಆ ಒಗರು ಹೋಗಿ ಅಡಿಯಿಂದ ಇನ್ನೊಂದು ಎದ್ದು ಬರತ್ತೆ, ಕಾಯಿಸಿದ ಹಾಲು ಆರೋ ಹೊತ್ತಿಗೆ ಮೇಲೆ ಕೆನೆ ಕಟ್ಟುತ್ತಲ್ಲ, ಆ ಪಾತ್ರೆ ಹತ್ರ ಮುಖ ಇಟ್ಟರೆ ಬರೋ ಬೆಚ್ಚಗಿನ ವಾಸನೆ, ಅದರ ಜೊತೆ ಮರ. ಒಂದು ಗಂಟೆ ಆದ್ಮೇಲೆ ಅದು ಎಣ್ಣೆ ವಾಸನೆ ಅಂತಾನೇ ಅನ್ನಿಸಲ್ಲ, ನಿಮ್ಮ ಚರ್ಮದ್ದೇ ವಾಸನೆ, ಸ್ವಲ್ಪ ಸಿಹಿಯಾಗಿದೆ ಅಷ್ಟೇ ಅನ್ನಿಸತ್ತೆ. ಹಾಗೇ ಮಲಗಿ. ಬೆಳಿಗ್ಗೆ ಎದ್ದಾಗ ಆ ಕೈ ಮೂಗಿನ ಹತ್ರ ಬಂದ್ರೆ ಇನ್ನೂ ಇರತ್ತೆ. ಸಂಜೆ ಹೊಡ್ಕೊಂಡ ಸ್ಪ್ರೇ ಯಾವುದಾದ್ರೂ ಬೆಳಿಗ್ಗೆವರೆಗೆ ಅದೇ ಮುಖ ಇಟ್ಕೊಂಡು ಉಳಿದಿದ್ದು ನೋಡಿದೀರಾ?

ಜನ ದುಡ್ಡು ಕೊಡೋದು ಇದಕ್ಕೆ. ಜೋರಿಗಲ್ಲ, ಆ ನಿಲ್ಲೋ ಗುಣಕ್ಕೆ.

ಇದಕ್ಕೆ ಕಾರಣಾನೂ ಸ್ಪಷ್ಟವಾಗಿದೆ. ಶ್ರೀಗಂಧದ ಎಣ್ಣೆಯ ಮುಖ್ಯ ಸರಕು ಎರಡು, ಆಲ್ಫಾ ಸ್ಯಾಂಟಲಾಲ್ ಮತ್ತು ಬೀಟಾ ಸ್ಯಾಂಟಲಾಲ್. ಒಳ್ಳೆ ಎಣ್ಣೆಗೆ ಅಂತರರಾಷ್ಟ್ರೀಯ ಮಾನದಂಡ ಕೇಳೋದು ಆಲ್ಫಾ 41ರಿಂದ 55 ಪರ್ಸೆಂಟು, ಬೀಟಾ 16ರಿಂದ 24 ಪರ್ಸೆಂಟು. ನಾವು "ಆಹಾ ಗಂಧ" ಅನ್ನೋ ಆ ಕೆನೆ ವಾಸನೆ ಹೆಚ್ಚಾಗಿ ಬೀಟಾದ್ದು, ಪ್ರಮಾಣ ಕಮ್ಮಿ ಇದ್ರೂ ಮನೆ ನಡೆಸೋದು ಅದೇ. ಇವೆರಡೂ ಭಾರದ ಅಣುಗಳು, ಕುದಿಯೋದಕ್ಕೆ 300 ಡಿಗ್ರಿ ಆಚೀಚೆ ಬೇಕು. ಕಿತ್ತಳೆ ಸಿಪ್ಪೆ ಹಿಂಡಿದಾಗ ಕಣ್ಣಿಗೆ ಹಾರುತ್ತಲ್ಲ ಆ ಎಣ್ಣೆ, ಅದು 176 ಡಿಗ್ರಿಗೇ ಕುದಿಯತ್ತೆ, ಅದಕ್ಕೇ ಸಿಪ್ಪೆ ಮುರಿದ ತಕ್ಷಣ ಬಸ್ಸಿಗೆಲ್ಲಾ ಗೊತ್ತಾಗತ್ತೆ, ಹತ್ತು ನಿಮಿಷಕ್ಕೆ ಮಾಯ. ಗಂಧ ಹಾರಲ್ಲ. ಮೈಯ ಬಿಸಿಗೆ ಒಂದಿಷ್ಟಿಷ್ಟೇ ಏಳತ್ತೆ, ತಣ್ಣಗಿರೋ ಗಾಜಿನ ಬಾಟಲಿ ಬಾಯಿಗೆ ಮೂಗಿಟ್ಟರೆ ಏನೂ ಸಿಗದೇ ಇರೋದು ಇದಕ್ಕೇ. ನಿಮ್ಮ ಮನೆಯವರು ಮೂಸಿದ್ದು ಬಾಟಲಿಯನ್ನ, ಎಣ್ಣೆಯನ್ನ ಅವರು ಇನ್ನೂ ನೋಡೇ ಇಲ್ಲ ಅಂತ ಧೈರ್ಯವಾಗಿ ಹೇಳಿ. ಇನ್ನೊಂದು, ಕೆಲವರ ಮೂಗಿಗೆ ಇಂಥ ದೊಡ್ಡ ಅಣುಗಳು ಸರಿಯಾಗಿ ಸಿಗೋದೇ ಇಲ್ಲ, ಅದು ಹುಟ್ಟಿನಿಂದ ಬಂದಿದ್ದು, ದೋಷ ಏನಲ್ಲ. ಹಾಗಾಗಿ ಮನೇಲಿರೋ ಇನ್ನೊಬ್ಬರ ಕೈಲೂ ಮೂಸಿಸಿ ನೋಡಿ.

ಇನ್ನು ಊದಿನಕಡ್ಡಿ ಮಾತು. ಅಗ್ಗದ ಗಂಧದ ಕಡ್ಡಿಯಲ್ಲಿ ಇರೋದು ಬಹುಪಾಲು ಕಾರ್ಖಾನೆಯಲ್ಲಿ ಮಾಡಿದ ಗಂಧದ ವಾಸನೆ. ಅದನ್ನ ನಾನು ಕೀಳು ಅಂತ ಹೇಳ್ತಿಲ್ಲ, ಸ್ಯಾಂಡಲೋರ್, ಜಾವನಾಲ್, ಪಾಲಿಸ್ಯಾಂಟಾಲ್ ಅಂತ ಬಹಳ ಒಳ್ಳೊಳ್ಳೆ ಸಿಂಥೆಟಿಕ್‌ಗಳಿವೆ, ದೊಡ್ಡ ದೊಡ್ಡ ಫ್ರೆಂಚ್ ಪರ್ಫ್ಯೂಮ್‌ಗಳೂ ಇವುಗಳ ಮೇಲೇ ನಿಂತಿರೋದು, ಇವು ಇಲ್ಲದೇ ಇದ್ದಿದ್ರೆ ನಮ್ಮ ಕಾಡಲ್ಲಿ ಇವತ್ತು ಉಳಿದಿರೋ ಗಂಧವೂ ಉಳೀತಿರಲಿಲ್ಲ. ಆದ್ರೆ ಅವನ್ನ ಮಾಡಿರೋದೇ ದೂರಕ್ಕೆ ಹೋಗಲಿ ಅಂತ. ಗಂಧದ ಹತ್ತು ಮುಖದಲ್ಲಿ ಒಂದನ್ನ ಹಿಡಿದು ಅದನ್ನೇ ಜೋರಾಗಿ ಕೂಗಿ ಹೇಳ್ತವೆ. ಚಿಕ್ಕಂದಿನಿಂದ ಆ ಕೂಗೇ ಗಂಧ ಅಂತ ಕೇಳಿ ಬೆಳೆದಿರೋ ಮೂಗಿಗೆ ಅಸಲಿ ಗಂಧ ಪಿಸುಮಾತು ಅನ್ನಿಸೋದು ಸಹಜ. ಮೈಸೂರು ಸ್ಯಾಂಡಲ್ ಸೋಪಿನ ಘಮ ನೆನಪಿರೋರೂ ಹೀಗೇ ಮೋಸ ಹೋಗ್ತಾರೆ, ಅದರಲ್ಲಿ ನಿಜವಾದ ಗಂಧದೆಣ್ಣೆ ಇದೆ, ಆದ್ರೆ ಜೊತೆಗೆ ಲಾವಂಚ, ಪಚೋಲಿ, ಜೆರೇನಿಯಂ ಅಂತ ಬೇರೆ ಎಣ್ಣೆಗಳೂ ಸೇರಿ ಆ ಪರಿಮಳ ಆಗಿರೋದು. ಬರೀ ಗಂಧ ಹಾಗಿರಲ್ಲ.

ಬರೀ ಗಂಧ ಹೇಗಿರತ್ತೆ ಅನ್ನೋದು ನನಗೆ ತಿಳಿದಿದ್ದು ಲ್ಯಾಬಲ್ಲಲ್ಲ, ಅಜ್ಜನ ಮನೆ ದೇವರ ಕೋಣೇಲಿ. ಗೇಣುದ್ದದ ಗಂಧದ ಕೊರಡು, ಒಂದು ತುದಿ ತೇಯ್ದು ತೇಯ್ದು ಓರೆಯಾಗಿ ನುಣ್ಣಗಾಗಿತ್ತು, ಪಕ್ಕದಲ್ಲಿ ಸಾಣೆಕಲ್ಲು. ಬೆಳಿಗ್ಗೆ ಅಜ್ಜ ಸ್ನಾನ ಮುಗಿಸಿ ಬಂದು ಕಲ್ಲಿನ ಮೇಲೆ ಎರಡು ಹನಿ ನೀರು ಚಿಮುಕಿಸಿ ತೇಯೋಕೆ ಶುರು ಮಾಡಿದ್ರೆ ಮೊದಲು ಬರ್ತಿದ್ದಿದ್ದು ಒದ್ದೆ ಕಲ್ಲಿನ ವಾಸನೆ, ಆಮೇಲೆ ಕಲ್ಲಿನ ಮೇಲೆ ತೆಳ್ಳಗೆ ಕೆನೆ ಬಣ್ಣದ ಗಂಧ ಕೂಡ್ತಾ ಬಂದ ಹಾಗೆ ನಿಧಾನಕ್ಕೆ ಪರಿಮಳ. ಬಾಗಿಲ ಹೊರಗೆ ನಿಂತ್ರೆ ಗೊತ್ತೇ ಆಗ್ತಿರಲಿಲ್ಲ, ಹತ್ರ ಕೂತ್ಕೊಂಡ್ರೆ ಮಾತ್ರ. ಮಧ್ಯಾಹ್ನ ಆಟ ಆಡಿ ಬೆವರಿ ಬಂದಾಗ ಹಣೆಯಿಂದ ಮತ್ತೆ ಅದೇ ಪರಿಮಳ ಬರೋದು. ನಿಮ್ಮ ಬಾಟಲಿಯಲ್ಲಿ ಇರಬೇಕಾದ್ದು ಅದೇ ವಾಸನೆ, ನೀರು ಕಲ್ಲು ಬಿಟ್ಟು. ಊರ ಕಡೆ ಯಾರ ಮನೇಲಾದ್ರೂ ಹಳೇ ಕೊರಡು ಇದ್ರೆ ಹೋಗಿ ಸ್ವಲ್ಪ ತೇಯ್ದು ಎಣ್ಣೆ ಪಕ್ಕ ಇಟ್ಟು ಮೂಸಿ ಹೋಲಿಸಿ, ಮನೆ ಮಟ್ಟಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ.

ಬೆಲೆ ವಿಷಯ ಕೇಳಿದ್ರಿ. ಇದಕ್ಕೆ ಮರದ ಕತೆ ಹೇಳಬೇಕು. ಗಂಧದ ಮರದ ಕೆಳಗೆ ನಿಂತ್ರೆ ಗಂಧದ ವಾಸನೆ ಬರಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಎಲೆ ತಿಕ್ಕಿ ನೋಡಿ, ತೊಗಟೆ ಕೆತ್ತಿ ನೋಡಿ, ಹೂವು ಮೂಸಿ, ಏನೂ ಇಲ್ಲ. ತೊಗಟೆ ಒಳಗಿನ ಬಿಳಿ ಮರದಲ್ಲೂ ಇಲ್ಲ. ಅದರೊಳಗಿನ ಚೇಗಿನಲ್ಲಿ, ಅಂದ್ರೆ ನಡುವಿನ ಗಟ್ಟಿ ತಿರುಳಿನಲ್ಲಿ, ಮತ್ತೆ ಬೇರಿನಲ್ಲಿ ಮಾತ್ರ ಎಣ್ಣೆ. ಈ ಚೇಗು ಕಟ್ಟೋಕೆ ಮರ ಹತ್ತು ವರ್ಷದ ಆಸುಪಾಸು ಆಗಬೇಕು, ಹತ್ತು ವರ್ಷದ ಮರದ ಚೇಗಿನಲ್ಲಿ ನೂರಕ್ಕೆ ಎರಡು ಪಾಲು ಎಣ್ಣೆ ಇದ್ರೆ ಹೆಚ್ಚು, 30ರಿಂದ 50 ವರ್ಷದ ಮರದಲ್ಲಿ ಮೂರರಿಂದ ಐದು ಚಿಲ್ಲರೆ ಪಾಲು. ಅಂದ್ರೆ ಒಳ್ಳೆ ಮುಪ್ಪಿನ ಮರವೇ ಆದ್ರೂ ನಿಮ್ಮ 5 ಎಂಎಲ್ ಬಾಟಲಿಗೆ ನೂರು ಗ್ರಾಂ ಹತ್ತಿರ ಚೇಗು ಬೇಕಾಯ್ತು. ಮೇಲಾಗಿ ಅದು ಒಂಟಿಯಾಗಿ ಬೆಳೆಯೋ ಮರ ಅಲ್ಲ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ಅಲ್ಲಿಂದ ನೀರು ಗೊಬ್ಬರ ಎಳ್ಕೊಂಡು ಬದುಕೋದು, ಅದಕ್ಕೇ ಗಂಧ ಹಾಕೋ ರೈತರು ಸಸಿ ಬುಡದಲ್ಲಿ ತೊಗರಿ, ಆಚೆಗೆ ಸರ್ವೆ ಅಥವಾ ಹೊಂಗೆ ಅಂತ ಆಸರೆ ಗಿಡ ಹಾಕೋದು. ಸಾಲದ್ದಕ್ಕೆ ಸ್ಪೈಕ್ ರೋಗ, ಎಲೆ ಸಣ್ಣಗಾಗಿ ಕಡ್ಡಿ ಕಡ್ಡಿ ಆಗಿ ಮರ ಒಣಗಿಬಿಡತ್ತೆ, ಕೊಡಗಿನಲ್ಲಿ 1899ರಲ್ಲೇ ಕಂಡಿದ್ದು, ಇವತ್ತಿಗೂ ಅದಕ್ಕೆ ಮದ್ದಿಲ್ಲ. ಮತ್ತೆ ಕಳ್ಳರು. 20 ವರ್ಷ ಸಾಕಿದ ಮರ ಒಂದೇ ರಾತ್ರೀಲಿ ಹೋಗಿರೋದನ್ನ ಹೇಳ್ಕೊಂಡು ಅತ್ತ ರೈತರನ್ನ ನಾನು ನೋಡಿದೀನಿ, ಆ ಸಂಕಟಕ್ಕೆ ರೇಟು ಕಟ್ಟೋಕಾಗಲ್ಲ.

ಟಿಪ್ಪು ಕಾಲದಲ್ಲಿ, 1792ರಲ್ಲಿ, ಇದು ರಾಜವೃಕ್ಷ ಅಂತ ಆಯ್ತು, ಆಮೇಲೆ ಮಹಾರಾಜರ ಸರ್ಕಾರ, ಆಮೇಲೆ ನಮ್ಮ ಸರ್ಕಾರ, ಎಲ್ಲಾ ಅದನ್ನೇ ಮುಂದುವರಿಸಿದ್ರು, ನಿಮ್ಮ ಹಿತ್ತಲಲ್ಲಿ ಹುಟ್ಟಿದ್ರೂ ಮರ ಸರ್ಕಾರದ್ದು. ಬೆಳೆದವನೇ ಮರದ ಒಡೆಯ ಅಂತ ಕಾನೂನು ತಿದ್ದಿದ್ದು 2001ರಲ್ಲಿ. ನನ್ನ ಅಭಿಪ್ರಾಯ ಕೇಳಿದ್ರೆ ಇದು ಐವತ್ತು ವರ್ಷ ತಡ ಆಯ್ತು, ತನ್ನದಲ್ಲದ ಮರಾನ ಯಾವ ರೈತ ತಾನೇ ಕಾಯ್ತಾನೆ, ಸಸಿ ಕಂಡ್ರೆ ಉಸಾಬರಿ ಬೇಡಪ್ಪ ಅಂತ ಕಿತ್ತು ಹಾಕಿದೋರೇ ಹೆಚ್ಚು.

ಮರ ತೆಗೆಯೋವಾಗ ಕಡಿಯಲ್ಲ, ಬೇರು ಸಮೇತ ಅಗೆದು ಎಬ್ಬಿಸ್ತಾರೆ, ಯಾಕಂದ್ರೆ ಬೇರಿನಲ್ಲೇ ಎಣ್ಣೆ ಜಾಸ್ತಿ. ಗಂಧದ ಕೋಠಿಗೆ, ಅಂದ್ರೆ ಸರ್ಕಾರದ ಗಂಧದ ಉಗ್ರಾಣಕ್ಕೆ ಬಂದ್ಮೇಲೆ ಬಿಳಿ ಭಾಗ ಕೆತ್ತಿ ತೆಗೆದು ಹದಿನೆಂಟು ತರ ವಿಂಗಡಿಸೋ ಪದ್ಧತಿ, ಆ ಹೆಸರುಗಳೇ ಒಂದು ಚೆಂದ. ಎಲ್ಲಕ್ಕಿಂತ ಮೇಲಿನದು ವಿಲಾಯತ್ ಬುದ್ಧ, ಒಂದೂ ಬಿರುಕಿಲ್ಲದ ತುಂಡು, ಒಂದೊಂದೂ 9 ಕೆಜಿಗೆ ಕಮ್ಮಿ ಇರಬಾರದು, ಅದರ ಕೆಳಗೆ ಚೀನಾ ಬುದ್ಧ, ಆಮೇಲೆ ಪಂಜಂ, ಹಾಗೇ ಇಳೀತಾ ಇಳೀತಾ ಬೇರು, ಚಿಲ್ಟಾ ಅನ್ನೋ ಚೂರುಗಳು, ಕೊನೆಗೆ ಗರಗಸದ ಪುಡಿವರೆಗೂ. ಯಾವುದನ್ನೂ ಎಸೆಯಲ್ಲ. ಒಳ್ಳೊಳ್ಳೆ ತುಂಡು ಸಾಗರ ಸೊರಬದ ಗುಡಿಗಾರರ ಕೆತ್ತನೆಗೆ ಹೋಗತ್ತೆ, ಎಣ್ಣೆಗೆ ಬೇರು ಚೂರುಪಾರು ಹೋಗತ್ತೆ, ಎಣ್ಣೆ ತೆಗೆದು ಉಳಿದ ಪುಡಿ ಊದಿನಕಡ್ಡಿಯವರಿಗೆ.

ಎಣ್ಣೆ ತೆಗೆಯೋದೂ ನಿಧಾನದ ಕೆಲಸಾನೇ. ಚೇಗು ಪುಡಿ ಮಾಡಿ ಹಬೆ ಹಾಯಿಸ್ತಾರೆ, ಮಲ್ಲಿಗೆ ಗುಲಾಬಿ ತರ ಕೆಲವು ಗಂಟೆಗೆ ಮುಗಿಯಲ್ಲ, ಎರಡು ಮೂರು ದಿನ ಹಗಲು ರಾತ್ರಿ ಹಬೆ ನಡೀಬೇಕು. ಮೊದಮೊದಲು ಬರೋ ಎಣ್ಣೆ ಹಗುರ, ಒಳ್ಳೆ ಸ್ಯಾಂಟಲಾಲ್ ಬರೋದು ಆಮೇಲೆ, ಸೌದೆ ಉಳಿಸೋಕೆ ಅಂತ ಬೇಗ ನಿಲ್ಲಿಸಿದ್ರೆ ಎಣ್ಣೆ ತೆಳ್ಳಗೆ, ಬರೀ ಮರಮರ ಅನ್ನೋ ಹಾಗೆ ಇರತ್ತೆ. ಈ ಕೆಲಸ ಮೈಸೂರಿಗೆ ಬಂದಿದ್ದೂ ಒಂದು ಯುದ್ಧದಿಂದ. ಅಲ್ಲೀತನಕ ನಮ್ಮ ಮರ ಹಡಗು ಹತ್ತಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆ ಆಗ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ವ್ಯಾಪಾರ ನಿಂತುಹೋಯ್ತು, ಕೋಠಿಗಳಲ್ಲಿ ಮರ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಇಲ್ಲೇ ಎಣ್ಣೆ ತೆಗೆಯೋಣ ಅಂತ ಹೊರಟ್ರು, ಸಂಸ್ಥಾನದ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಕೈಗೆತ್ತಿಕೊಂಡ್ರು, ಈಗ ಐಐಎಸ್‌ಸಿ ಅಂತ ಕರೆಯೋ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ ಪ್ರೊಫೆಸರ್‌ಗಳಾದ ಸಡ್‌ಬರೋ ಮತ್ತು ವಾಟ್ಸನ್ ಭಟ್ಟಿ ಇಳಿಸೋ ವಿಧಾನ ಕೂರಿಸಿಕೊಟ್ರು, 1916-17ರಲ್ಲಿ ಕಾರ್ಖಾನೆ ಎದ್ದಿತು. ಮಾರನೇ ವರ್ಷವೇ ಸೋಪು. ಶಿವಮೊಗ್ಗದ ಫ್ಯಾಕ್ಟರಿ 1944ರದ್ದು. "ಮೈಸೂರು ಗಂಧ" ಅನ್ನೋದು ಲೋಕದ ಪರ್ಫ್ಯೂಮ್ ಮಾಡೋರ ಬಾಯಲ್ಲಿ ಗುಣಮಟ್ಟದ ಹೆಸರೇ ಆಗಿಹೋಗಿದ್ದು ಆಮೇಲೆ.

ಈ ಎಣ್ಣೆಗೆ ಇನ್ನೊಂದು ಗುಣ ಇದೆ, ಅದು ಗೊತ್ತಾದ್ರೆ ಬೆಲೆ ಇನ್ನೂ ಅರ್ಥ ಆಗತ್ತೆ. ಅದು ತಾನು ನಿಲ್ಲೋದಷ್ಟೇ ಅಲ್ಲ, ಜೊತೆಗಿರೋರನ್ನೂ ನಿಲ್ಲಿಸ್ಕೊಳ್ಳತ್ತೆ. ಉತ್ತರ ಪ್ರದೇಶದ ಕನೌಜಿನಲ್ಲಿ ಅತ್ತರು ಮಾಡೋರು ತಾಮ್ರದ ದೊಡ್ಡ ಹಂಡೆಯಲ್ಲಿ ಗುಲಾಬಿ, ಕೇದಗೆ, ಮಲ್ಲಿಗೆ ಹಾಕಿ ಬೇಯಿಸಿ ಆ ಹಬೆಯನ್ನ ಬಿದಿರಿನ ಕೊಳವೆಯಲ್ಲಿ ಇನ್ನೊಂದು ಪಾತ್ರೆಗೆ ಇಳಿಸ್ತಾರೆ, ಆ ಪಾತ್ರೆಯಲ್ಲಿ ಮೊದಲೇ ಇರೋದು ಗಂಧದೆಣ್ಣೆ. ಹೂವಿನ ಜೀವ ಬಂದು ಗಂಧದ ತೋಳಲ್ಲಿ ಕೂರತ್ತೆ. ಅಲ್ಲಿ ಮಿಟ್ಟಿ ಅತ್ತರು ಅಂತ ಒಂದಿದೆ, ಒಣ ಮಣ್ಣಿನ ಬಿಲ್ಲೆ ಸುಟ್ಟು ಅದನ್ನ ಭಟ್ಟಿ ಇಳಿಸಿ ಗಂಧದೆಣ್ಣೆಗೆ ಸೇರಿಸಿದ್ದು, ಮುಂಗಾರಿನ ಮೊದಲ ಹನಿ ಬಿದ್ದ ವಾಸನೆ. ಮಳೆ ವಾಸನೆ ಬಾಟಲಿಯಲ್ಲಿ ಉಳ್ಕೊಂಡಿರೋದು ಗಂಧ ಹಿಡ್ಕೊಂಡಿರೋದಕ್ಕೇ. ಈಗ ಗಂಧ ತುಟ್ಟಿ ಅಂತ ಎಷ್ಟೋ ಜನ ಲಿಕ್ವಿಡ್ ಪ್ಯಾರಾಫಿನ್ ಹಾಕ್ತಾರೆ, ಅಂಥ ಅತ್ತರು ಹಚ್ಚಿದ ಅರ್ಧ ದಿನಕ್ಕೆ ಬರೀ ಜಿಡ್ಡು. ಗಲ್ಫ್‌ನಲ್ಲಿ ದುಡಿದು ಬರೋ ನಮ್ಮ ಭಟ್ಕಳ ಮಂಗಳೂರಿನ ಹಿರಿಯರಿಗೆ ಇದರ ವ್ಯತ್ಯಾಸ ನನಗಿಂತ ಚೆನ್ನಾಗಿ ಗೊತ್ತು, ಒಂದು ತೊಟ್ಟು ಕಿವಿ ಹಿಂದೆ ಹಚ್ಚಿ ಸಂಜೆ ನಮಾಜಿಗೆ ಹೇಗಿದೆ ನೋಡಿ ಹೇಳ್ತಾರೆ.

ಸರಿ, ಅಸಲಿ ನಕಲಿ. 3,200ಕ್ಕೆ 5 ಎಂಎಲ್ ಅಂದ್ರೆ ಎಂಎಲ್‌ಗೆ 640, ಅಸಲಿ ಸಿಗಬಹುದಾದ ರೇಟೇ ಇದು. ಶುದ್ಧ ಎಣ್ಣೆ ಕೆಜಿಗೆ ಲಕ್ಷ ದಾಟಿ ಎಷ್ಟೋ ವರ್ಷ ಆಯ್ತು, ಲಕ್ಷ ಅಂತಾನೇ ಹಿಡಿದ್ರೂ ಗ್ರಾಂಗೆ ನೂರು, ಹಾಗಾಗಿ ಜಾತ್ರೇಲಿ 10 ಎಂಎಲ್ 150ಕ್ಕೆ ಕೊಡೋದು ಗಂಧದೆಣ್ಣೆ ಆಗಿರೋಕೆ ಸಾಧ್ಯಾನೇ ಇಲ್ಲ. ಆದ್ರೆ ಬೆಲೆ ಹೆಚ್ಚಿದ್ದ ಮಾತ್ರಕ್ಕೆ ನಂಬೋಕೂ ಆಗಲ್ಲ. ಒಂದು ಲೋಟ ನೀರಿಗೆ ಒಂದು ತೊಟ್ಟು ಬಿಡಿ, ಗಂಧದೆಣ್ಣೆ ನೀರಿಗಿಂತ ಒಂಚೂರು ಹಗುರ, ಮೇಲೆ ಹನಿಯಾಗಿ ಉಳಿಯತ್ತೆ. ನೀರಲ್ಲಿ ಕರಗಿ ಕಾಣೆಯಾದ್ರೆ ಡೈಪ್ರೊಪಿಲೀನ್ ಗ್ಲೈಕಾಲ್ ಅನ್ನೋ ದ್ರಾವಕ ಬೆರೆಸಿದಾರೆ, ತಳಕ್ಕೆ ಇಳಿದ್ರೆ ಊದಿನಕಡ್ಡಿಯವರು ಬಳಸೋ ಡಿಇಪಿ (ಡೈಈಥೈಲ್ ಥಾಲೇಟ್) ಅನ್ನೋ ದ್ರಾವಕ ಇರಬಹುದು. ಕಾಗದದ ಮೇಲೆ ಹಾಕಿ ಕಲೆ ಉಳಿದ್ರೆ ನಕಲಿ ಅಂತ ಹೇಳ್ತಾರಲ್ಲ, ಗಂಧಕ್ಕೆ ಅದು ನಡೆಯಲ್ಲ, ಅಸಲಿಯೂ ದಿನಗಟ್ಟಲೆ ಕಲೆ ಬಿಡತ್ತೆ. ತೂಕದ ಪರೀಕ್ಷೆ ನಂಬಿ ನಾನೇ ಒಂದು ಸಲ ಕೆಟ್ಟಿದೀನಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಬ್ಬ ವ್ಯಾಪಾರಿ ತಂದ ಎಣ್ಣೆ, 10 ಎಂಎಲ್ ತೂಗಿದ್ರೆ ಸರಿಯಾಗಿ 9.7 ಗ್ರಾಂ, ಅಸಲಿ ಇರಬೇಕಾದಷ್ಟೇ, ಮೂಸಿದ್ರೂ ಗಂಧಾನೇ, ಪಾಸ್ ಅಂತ ಬರೆದೆ. ಹರಳೆಣ್ಣೆಯ ತೂಕಾನೂ ಹೆಚ್ಚುಕಮ್ಮಿ ಅಷ್ಟೇ ಇರತ್ತೆ ಅನ್ನೋದು ಆಗ ನನ್ನ ತಲೆಗೆ ಬರಲಿಲ್ಲ. 70 ಪರ್ಸೆಂಟ್ ಆಲ್ಕೋಹಾಲು ಐದು ಪಾಲಿಗೆ ಒಂದು ಪಾಲು ಎಣ್ಣೆ ಹಾಕಿದ್ರೆ ಅಸಲಿ ತಿಳಿಯಾಗಿ ಕರಗತ್ತೆ, ಹರಳೆಣ್ಣೆ ಇದ್ರೆ ಮಜ್ಜಿಗೆ ತರ ಬಿಳಿಚಿಕೊಳ್ಳತ್ತೆ, ನಮ್ಮ ಹಿರಿಯರೊಬ್ಬರು ಸಂಜೆ ಹೊತ್ತಿಗೆ ಒಂದು ಟ್ಯೂಬ್ ಹಿಡ್ಕೊಂಡು ಬಂದು ಏನೂ ಮಾತಾಡದೆ ನನ್ನ ಮುಂದೆ ಇಟ್ಟು ಹೋದ್ರು, ಬೆಳ್ಳಗಿತ್ತು. ಅವತ್ತಿಂದ ಒಂದೇ ಪರೀಕ್ಷೆಗೆ ಸಹಿ ಹಾಕಿಲ್ಲ. ಖಚಿತವಾಗಿ ಹೇಳೋದು ಗ್ಯಾಸ್ ಕ್ರೊಮಟೋಗ್ರಫಿ, ಅಂದ್ರೆ ಎಣ್ಣೆಯ ಒಂದೊಂದು ಅಂಶಾನೂ ಬೇರೆ ಮಾಡಿ ಅಳೆಯೋ ಲ್ಯಾಬ್ ಪರೀಕ್ಷೆ ಮಾತ್ರ, 5 ಎಂಎಲ್‌ಗೆ ಅದನ್ನ ಮಾಡಿಸೋದು ದಂಡ, ಆದ್ರೆ ಮಾರಿದವರ ಹತ್ರ ಆ ಬ್ಯಾಚಿನ ರಿಪೋರ್ಟ್ ಕೇಳೋ ಹಕ್ಕು ನಿಮಗಿದೆ, ಅದರಲ್ಲಿ ನಾನು ಮೇಲೆ ಹೇಳಿದ ಆಲ್ಫಾ ಬೀಟಾ ಅಂಕಿ ಇದ್ಯಾ ನೋಡಿ.

ಲೇಬಲ್ಲಿನಲ್ಲಿ ಸಸ್ಯದ ಹೆಸರೂ ನೋಡಿ. ಸ್ಯಾಂಟಲಮ್ ಆಲ್ಬಮ್ ಅಂತ ಇರಬೇಕು. ಪಶ್ಚಿಮ ಆಸ್ಟ್ರೇಲಿಯಾದ ಕುನುನರಾದಲ್ಲಿ ನಮ್ಮದೇ ಜಾತಿ ಮರವನ್ನ ಸಾವಿರಾರು ಎಕರೆ ಬೆಳೆಸಿದಾರೆ, ಆ ಎಣ್ಣೆ ಅಸಲಿನೇ, ನನ್ನ ಮೂಗಿಗೆ ನಮ್ಮ ಮುಪ್ಪಿನ ಮರದಷ್ಟು ಆಳ ಇಲ್ಲ ಅನ್ನಿಸತ್ತೆ ಅಷ್ಟೇ. ಸ್ಯಾಂಟಲಮ್ ಸ್ಪಿಕೇಟಮ್ ಅಂದ್ರೆ ಆಸ್ಟ್ರೇಲಿಯಾದ ಬೇರೆ ಜಾತಿ, ಒಣಒಣ, ಸ್ಯಾಂಟಲಾಲ್ ಕಮ್ಮಿ. ಅಮೈರಿಸ್ ಅಂತ ಇದ್ರೆ ಅದು ಗಂಧದ ಬಂಧುವೇ ಅಲ್ಲ, ವೆಸ್ಟ್ ಇಂಡೀಸ್ ಗಂಧ ಅಂತ ಹೆಸರಿಟ್ಟು ಮಾರ್ತಾರೆ.

ಹಚ್ಚೋದಕ್ಕೆ ದೊಡ್ಡ ಶಾಸ್ತ್ರ ಏನಿಲ್ಲ. ಮೊದಲ ಸಲ ಮೊಣಕೈ ಒಳಮಡಿಕೆಗೆ ಸ್ವಲ್ಪ ಕೊಬ್ಬರಿ ಎಣ್ಣೇಲಿ ಬೆರೆಸಿ ಹಚ್ಚಿ ಒಂದು ದಿನ ಬಿಡಿ, ಕೆಂಪಗಾದ್ರೆ ಬೇಡ. ಆಗಲಿಲ್ಲ ಅಂದ್ರೆ ಸ್ನಾನ ಮಾಡಿದ ಮೇಲೆ ಮೈ ಇನ್ನೂ ಬೆಚ್ಚಗಿರೋವಾಗ ಕಿವಿ ಹಿಂದೆ, ಕತ್ತಿನ ಗುಂಡಿಯಲ್ಲಿ ಒಂದು ತೊಟ್ಟನ್ನೇ ಹಂಚಿ ಮುಟ್ಟಿಸಿ. ರೇಷ್ಮೆ ಸೀರೆಗೆ ನೇರ ಹಾಕಬೇಡಿ ಕಲೆ ಬೀಳತ್ತೆ, ಹತ್ತಿ ಉಂಡೆಗೆ ಹಾಕಿ ಸೀರೆ ಇಡೋ ಕಡೆ ಬಟ್ಟೆಯಲ್ಲಿ ಸುತ್ತಿ ಇಡಬಹುದು. ಕುಡಿಯೋದು ಗಿಡಿಯೋದು ಬೇಡ, ಎಳೆ ಮಕ್ಕಳಿಗೂ ಬೇಡ. ಬೇರೆ ಸ್ಪ್ರೇ ಮೇಲೆ ಹಾಕಿದ್ರೆ ಗಂಧ ಕಾಣೋದೇ ಇಲ್ಲ, ಬರೀ ಗಂಧ ಹಾಕಿ. ಬಿಸಿಲಿಗಿಡಬೇಡಿ, ಪ್ಲಾಸ್ಟಿಕ್ ಬಾಟಲಿಗೆ ಹಾಕಬೇಡಿ, ಕಂದು ಗಾಜಿನಲ್ಲಿ ಕತ್ತಲಲ್ಲಿಟ್ರೆ ವರ್ಷ ಕಳೆದ ಹಾಗೆ ಇನ್ನೂ ದುಂಡಗಾಗತ್ತೆ, ನನ್ನ ಹತ್ರ 11 ವರ್ಷದ ಒಂದು ಸೀಸೆ ಇದೆ, ಈಗ ಅದರಲ್ಲಿ ಆ ಮೊದಲಿನ ಒಗರು ಇಲ್ಲವೇ ಇಲ್ಲ.

ನಿಮ್ಮ ಮನೆಯವರು ಮಲ್ಲಿಗೆ ಮುಡಿಯೋರಾದ್ರೆ ಒಂದು ಸಂಜೆ ಕಿವಿ ಹಿಂದೆ ಗಂಧ ಹಚ್ಚಿ ಅದರ ಮೇಲೆ ಮಲ್ಲಿಗೆ ದಂಡೆ ಮುಡಿಯೋಕೆ ಹೇಳಿ. ಹೂವು ಬಾಡಿ ತೆಗೆದಿಟ್ಟ ಮೇಲೂ ಕೂದಲಲ್ಲಿ ಏನು ಉಳಿದಿದೆ ಅಂತ ಅವರೇ ಮೂಸಿ ನೋಡಲಿ. ಆಮೇಲೂ ಅವರಿಗೆ ಏನೂ ಸಿಗಲಿಲ್ಲ ಅಂದ್ರೆ ಲೇಬಲ್ಲಿನ ಎರಡೂ ಕಡೆ ಫೋಟೋ, ನೀರಿನ ಲೋಟದಲ್ಲಿ ಹನಿ ಏನಾಯ್ತು ಅನ್ನೋದು, ಎರಡನ್ನೂ ಕಳಿಸಿ, ನೋಡಿ ಹೇಳ್ತೀನಿ.